ಎಣ್ಣೆ ಡಬ್ಬಿಯ ಎರಡನೆಯ ತೂತು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಘದ ಗೆಳೆಯರು ಕೇಳಿದರು. ನಿವೃತ್ತ ಮುಖ್ಯಾಧ್ಯಾಪಕನಾದ ನಾನು ಶಿಕ್ಷಣವನ್ನು ಕುರಿತೇ ಬರೆಯುವೆನೆಂದು ಅವರು ಎಣಿಸಿರಬೇಕು. ನಾನು ಬರೆಯಹೊರಟಿರುವುದು ಒಂದು ಎಂಜಿನ್ನಿನ ಸಂಗತಿ. ಇದನ್ನು ನಮ್ಮ ಮನೆಯ ಮಕ್ಕಳು ಓದಬೇಕೆಂಬುದು ನನ್ನ ಆಸೆ.

ಸೊಲ್ಲಾಪುರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮೊಮ್ಮಗ ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ. ವಿಮಾನ ಚಾಲಕ ಅಮೋಲ್ ಯಾದವ್ ಅವರ ಸಾಹಸವನ್ನು ಅವನು ನನಗೆ ವಿವರಿಸಿದ. ಮುಂಬಯಿಯ ಕಾಂದಿವಲಿಯಲ್ಲಿ ತಮ್ಮ ಮನೆಯ ಮಾಳಿಗೆಯ ಮೇಲೆಯೇ ಅವರು ಆರು ಆಸನಗಳ ವಿಮಾನವೊಂದನ್ನು ಕಟ್ಟಿದರು. 2016ರ ಫೆಬ್ರುವರಿಯಲ್ಲಿ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. 2017ರ ನವೆಂಬರಿನಲ್ಲಿ ಅದಕ್ಕೆ ಸರಕಾರದ ನೋಂದಣಿ ದೊರೆಯಿತು.

“ಮನ್ಯಾಗ ಕಟ್ಟಿದ ವಿಮಾನದ ಎಂಜಿನ್ನು ಮುಗಿಲಾಗ ತೊದಲಾಕ ಹತ್ತಿದ್ರ ಹ್ಯಾಂಗೋ ತಮ್ಮಾ?” ಎಂದು ಕೇಳಿದೆ.

“ಅದನ್ನ ನೆಲದ ಮ್ಯಾಲೇ ಹುಡುಕಿ ತಗೀಬೇಕಜ್ಜಾ,” ಎಂದು ಅವನು ನನಗೆ ಮೇಷ್ಟರಾದ.

ಸಣ್ಣ ವಿಮಾನದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗುಗಳಿರುತ್ತವೆ. ಅವುಗಳಿಗೆ ಕಿಡಿ ಒದಗಿಸಲು ಎರಡು ಬೇರೆ ಬೇರೆ ಮ್ಯಾಗ್ನೆಟೊಗಳು. ಹಾರುವ ಮುನ್ನ ಚಾಲಕನು ಒಂದನ್ನು ಆರಿಸಿ ನೋಡುತ್ತಾನೆ. ಮತ್ತೆ ಹಚ್ಚಿ ಇನ್ನೊಂದನ್ನು ಆರಿಸುತ್ತಾನೆ. ಒಂದೇ ಬದಿಯಲ್ಲಿ ಎಂಜಿನ್ ನಡುಗಿದರೆ ದೋಷವು ಆ ಬದಿಯ ಪ್ಲಗ್ಗು, ತಂತಿ, ಇಲ್ಲವೆ ಮ್ಯಾಗ್ನೆಟೊದಲ್ಲಿ ಇರುವ ಸಂಭವ ಹೆಚ್ಚು. ಎರಡರಲ್ಲೂ ನಡುಗಿದರೆ ಇಂಧನದ ದಾರಿಯನ್ನೂ ಗಾಳಿಯ ದಾರಿಯನ್ನೂ ಶೋಧಿಸಬೇಕು. ಹವೆಯಲ್ಲಿ ತೇವವಿದ್ದರೆ, 20 ಡಿಗ್ರಿ ಉಷ್ಣತೆಯಲ್ಲಿಯೂ ಕಾರ್ಬ್ಯುರೇಟರಿನೊಳಗೆ ಮಂಜು ಕಟ್ಟಬಲ್ಲದು. ಟ್ಯಾಂಕಿಗೆ ಗಾಳಿಯಾಡುವ ಕೊಳವೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿದರೂ ಸಾಕು, ಇಂಧನ ಇಳಿಯದೆ ಎಂಜಿನ್ ಸೊರಗುತ್ತದೆ.

“ಒಂದು ಸಲಕ್ಕ ಒಂದನ್ನಷ್ಟೇ ಬದಲಿ ಮಾಡಬೇಕು. ಕಡೀಕ ಕೈ ಹಚ್ಚಿದ ಜಾಗಾನ ಮೊದಲ ನೋಡಬೇಕು. ತಾನೇ ಕಟ್ಟಿದಾವ ತನ್ನ ಕೈ ಮ್ಯಾಲೇ ಮೊದಲ ಸಂಶೇ ಪಡಬೇಕು,” ಎಂದು ಹುಡುಗ ಹೇಳಿ ಮುಗಿಸಿದ. ಬಳಿಕ ನಗುತ್ತ, “ನಮ್ಮಜ್ಜಗ ಇದು ಆಗ್ತಿದ್ದಿಲ್ಲ ಬಿಡ್ರಿ. ಎಂಜಿನ್ ಕೆಡಿಸಿದಾವ ಅಂತ ಎಲ್ಲಾರೂ ಹೇಳ್ತಾರ,” ಎಂದ.

ನಾನು ನಗಲಿಲ್ಲ.

1972ರ ಬರಗಾಲ ಕಳೆದು ಎರಡು ವರ್ಷವಾಗಿತ್ತು. ಅಕ್ಕಲಕೋಟದಿಂದ ಮೈಂದರಗಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಅಪ್ಪ ಸಾಲ ಮಾಡಿ ಬಾವಿಗೆ ಡೀಸೆಲ್ ಎಂಜಿನ್ ಕೂಡಿಸಿದ್ದರು. ನಾನು ಆಗತಾನೆ ಮಾಸ್ತರನಾಗಿದ್ದೆ; ಎಂಜಿನ್ನಿನ ಹೊಣೆ ತಮ್ಮನದು. ಉಳ್ಳಾಗಡ್ಡಿ ಗಡ್ಡೆ ಕಟ್ಟುವ ಹೊತ್ತಿಗೆ ಎಂಜಿನ್ ಹಟ ಹಿಡಿಯಿತು. ಅರ್ಧ ಗಂಟೆ ಚೆನ್ನಾಗಿ ಓಡುವುದು. ಆಮೇಲೆ ಉಸಿರು ಕಟ್ಟಿದಂತೆ ಏರಿಳಿದು ನಿಂತೇಬಿಡುವುದು.

ನಾನು ಪುಸ್ತಕ ಓದಿದವನೆಂಬ ಹಮ್ಮಿನಿಂದ ಮುಂದಾದೆ. ಒಂದೇ ಸಂಜೆ ಫಿಲ್ಟರ್ ತೊಳೆದೆ, ನಾಝಲ್ ಬಿಚ್ಚಿದೆ, ಗವರ್ನರಿನ ಸ್ಪ್ರಿಂಗ್ ಬಿಗಿದೆ, ಡೀಸೆಲ್ ಬದಲಿಸಿದೆ. ಎಂಜಿನ್ ಮೊದಲಿಗಿಂತ ಹೆಚ್ಚು ಕೆಟ್ಟಿತು. ಯಾವುದರಿಂದ ಕೆಟ್ಟಿತೆಂದು ತಿಳಿಯುವ ದಾರಿಯೂ ಮುಚ್ಚಿತು. ಸಿಟ್ಟೆಲ್ಲ ತಮ್ಮನ ಮೇಲೆ ಹೋಯಿತು. “ಎಂಜಿನ್ ಕಡೆ ನಿನಗ ಲಕ್ಷ್ಯ ಇಲ್ಲ,” ಎಂದು ಅಪ್ಪ ಬೈದರು, ನಾನೂ ದನಿಗೂಡಿಸಿದೆ.

ಮೂರನೆಯ ದಿನ ಅಕ್ಕಲಕೋಟದಿಂದ ಸೈಕಲ್ಲಿನ ಮೇಲೆ ಮಿಸ್ತ್ರಿ ಬಂದ. ನಾನು ತಿರುವಿದ್ದನ್ನೆಲ್ಲ ಮೊದಲಿನಂತೆ ಮಾಡಿ, ಎಂಜಿನ್ ಹಚ್ಚಿ, ಬೇವಿನ ನೆರಳಿನಲ್ಲಿ ಸುಮ್ಮನೆ ಕುಳಿತ. ಅರ್ಧ ಗಂಟೆಗೆ ಅದು ತೊದಲತೊಡಗಿತು. ಅವನು ಪಾನಾ ಹಿಡಿಯಲಿಲ್ಲ. ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದ. ಸುಂಯ್ ಎಂದು ಗಾಳಿ ಒಳನುಗ್ಗಿತು. ತುಸು ಹೊತ್ತಿನಲ್ಲೇ ಎಂಜಿನ್ ನೆಟ್ಟಗಾಯಿತು. ಮುಚ್ಚಳದ ಒಳಗೆ, ಅದರ ಸಣ್ಣ ತೂತನ್ನು ಮುಚ್ಚುವಂತೆ, ಸೈಕಲ್ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ರಬ್ಬರಿನ ತುಂಡೊಂದಿತ್ತು.

“ಗುರುಗಳ, ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡೀತಾರ್ರಿ? ಒಂದರಾಗ ಎಣ್ಣಿ ಹೊರಗ ಬರಬೇಕಂದ್ರ ಇನ್ನೊಂದರಾಗ ಗಾಳಿ ಒಳಗ ಹೋಗಬೇಕ್ರಿ,” ಎಂದ ಮಿಸ್ತ್ರಿ.

ಗಾಳಿಯ ಒತ್ತಡದ ಪಾಠವನ್ನು ಆ ವರ್ಷವೇ ನಾನು ಮಕ್ಕಳಿಗೆ ಮಾಡಿದ್ದೆ. ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಹಿಡಿದು ತಲೆಕೆಳಗು ಮಾಡಿ ತೋರಿಸಿದ್ದೆ!

“ಯಾರು ಹಚ್ಚಿದ್ದು ಇದನ್ನ?” ಎಂದು ಅಪ್ಪ ಕೇಳಿದರು. ಅವರ ಕಣ್ಣು ತಮ್ಮನ ಮೇಲಿತ್ತು. ತಮ್ಮನು ನನ್ನನ್ನು ನೋಡಿದ. ಡೀಸೆಲ್ಲಿಗೆ ಧೂಳು ಬೀಳದಿರಲೆಂದು ಆ ರಬ್ಬರನ್ನು ಕತ್ತರಿಸಿ ಕೂಡಿಸಿದವನು ನಾನು. ಅದನ್ನು ಅವನು ಕಂಡಿದ್ದ. ಇಬ್ಬರೂ ಮಾತಾಡಲಿಲ್ಲ. ಮಾಸ್ತರನೆನಿಸಿದ ಅಣ್ಣನ ಮಾನ ಉಳಿಯಲೆಂದು ಅವನು ಮೌನವಾಗಿದ್ದ. ಅದೇ ಮಾನದ ಆಸೆಯಿಂದ ನಾನೂ ಮೌನವಾಗಿದ್ದೆ.

ಉಳ್ಳಾಗಡ್ಡಿ ಉಳಿಯಿತು. ಆದರೆ ಅಪ್ಪ ಮತ್ತೆಂದೂ ಎಂಜಿನ್ನನ್ನು ತಮ್ಮನ ಕೈಗೆ ಕೊಡಲಿಲ್ಲ. ಮರುವರ್ಷ ಅವನು ಚಾದರ ನೇಯುವ ಮಗ್ಗದ ಕೆಲಸ ಹಿಡಿದು ಸೊಲ್ಲಾಪುರಕ್ಕೆ ಹೋದ, ಅಲ್ಲಿಯೇ ನೆಲೆಸಿದ. ಬಹಳ ವರ್ಷಗಳ ಮೇಲೆ ಅವನ ಮನೆಯಲ್ಲಿ ಕುಳಿತು ನಾನು ತಪ್ಪೊಪ್ಪಿಕೊಂಡಾಗ, “ಹೋಗ್ಲಿ ಬಿಡಣ್ಣಾ, ಎಂಜಿನ್ ನಡೀತಲ್ಲ,” ಎಂದನಷ್ಟೆ. ಅಪ್ಪ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಈಗ ತಮ್ಮನೂ ಇಲ್ಲ.

ಮುಖ್ಯಾಧ್ಯಾಪಕನಾದ ಮೇಲೆ, ಯಾವುದಾದರೂ ಮಗು ಕಲಿಯುತ್ತಿಲ್ಲವೆಂದು ಶಿಕ್ಷಕರು ದೂರು ತಂದಾಗ, “ಅದರ ಉಸಿರಿನ ತೂತನ್ನು ಮುಚ್ಚಿದವರು ನಾವೇ ಏನು, ಮೊದಲು ನೋಡೋಣ,” ಎನ್ನುತ್ತಿದ್ದೆ. ಈ ಮಾತನ್ನು ಎಲ್ಲಿ ಕಲಿತೆನೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಆ ದೀಪಾವಳಿಯ ದಿನ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಅವನಿಗೊಬ್ಬನಿಗೆ ಹೇಳಿದರೆ ಸಾಲದು. ತಪ್ಪು ಮಾತು ಹತ್ತು ಮನೆ ಸುತ್ತಿದೆ. ಸರಿ ಮಾತೂ ಅಷ್ಟು ಮನೆ ಸುತ್ತಲಿ ಎಂದು ಇಲ್ಲಿ ಬರೆದಿದ್ದೇನೆ. ಎಂಜಿನ್ ಕೆಡಿಸಿದವನು ನಿಮ್ಮಜ್ಜನಲ್ಲ, ಮಗು. ನಾನು.