ಮಾವ ಹೇಳಿದ ಹಡಗು

ಬ್ಯಾಸಗಿ ಬಂತೆಂದರೆ ಮಸ್ಕಿಯ ನಮ್ಮ ಮನೆಯಲ್ಲಿ ಯಾರೂ ಒಳಗೆ ಮಲಗುತ್ತಿರಲಿಲ್ಲ. ಹಗಲೆಲ್ಲ ಕಾದು ಹಂಚಾದ ಮಣ್ಣಿನ ಮಾಳಿಗಿಗೆ ಹೊತ್ತು ಮುಳುಗುತ್ತಲೇ ಹುಡುಗರು ಕೊಡಗಟ್ಟಲೆ ನೀರು ಹೊತ್ತು ಚಿಮುಕಿಸಬೇಕು, ನೀರು ಬಿದ್ದಲ್ಲಿ ಏಳುವ ಮಣ್ಣಿನ ಘಮಕ್ಕೆ ಬೆಳಕಿಂಡಿಯಿಂದ ಮೇಲೆ ಬರುವ ಪುಂಡಿಪಲ್ಯದ ಒಗ್ಗರಣಿ ವಾಸನೆ, ಅಜ್ಜನ ಚುಟ್ಟಾದ ಹೊಗೆ, ಬಂಕದಾಗ ಎತ್ತುಗಳ ಕೊರಳಗಂಟೆ ಎಲ್ಲ ಕೂಡಿಕೊಳ್ಳಬೇಕು, ಹೆಣ್ಣುಮಕ್ಕಳು ಸಾಲಾಗಿ ಕೌದಿ ಹಾಸಬೇಕು, ಸಣ್ಣವರು ತತ್ರಾಣಿ ತುಂಬಿಟ್ಟು ಬರಬೇಕು, ಇಷ್ಟೆಲ್ಲ ಮುಗಿದು, ಸಿಂಧನೂರಿನಿಂದ ಬಂದ ಸೋದರಮಾವ ನಿಚ್ಚಣಿಕಿ ಹತ್ತಿ ನಡುವೆ ಕುಂತರೆ ನಮ್ಮೆಲ್ಲರದೂ ಒಂದೇ ಮಾತು: “ಮಾವಾ, ಹಡಗಿಂದು ಹೇಳು.”

ಮಾವ ಹತ್ತಿ ಲಾರಿಗಳ ಜೊತೆ ತಮಿಳುನಾಡಿನ ಗಿರಣಿ ಊರುಗಳಿಗೆ ಹೋಗಿಬರುವವ. ಅಲ್ಲಿ ಮಾಲು ಇಳಿಯುವ ತನಕ ಟಾಕೀಸಿನಲ್ಲಿ ಕುಂತು ನೋಡಿಬಂದ ಸಿನಿಮಾ ‘ಆಯಿರತ್ತಿಲ್ ಒರುವನ್’. ಸಾವಿರದಾಗ ಒಬ್ಬ, ಅನ್ನುತ್ತಿದ್ದ. ಎಂ.ಜಿ.ಆರ್. ಮತ್ತು ಜಯಲಲಿತಾ ಮೊದಲ ಬಾರಿಗೆ ಜೋಡಿಯಾದ, 1965ರ ಚಿತ್ರ ಅದು. ತೆಗೆದವರು ‘ಕಿತ್ತೂರು ಚೆನ್ನಮ್ಮ’ನನ್ನು ನಮಗೆ ಕೊಟ್ಟ ಬಿ.ಆರ್. ಪಂತುಲು, ಜಯಲಲಿತಾ ಅವರನ್ನು ‘ಚಿನ್ನದ ಗೊಂಬೆ’ಯಲ್ಲಿ ನಾಯಕಿಯಾಗಿ ಕನ್ನಡಕ್ಕೆ ತಂದವರೂ ಅವರೇ. ಹಡಗಿನ ದೃಶ್ಯಗಳಿಗೆ ಅವರು ಬಂದದ್ದು ಕಾರವಾರದ ಕಡಲಿಗೆ. ಇದೆಲ್ಲ ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಎಲ್ಲಿಯದೋ ದೇಶಾಂತರದ ಸಮುದ್ರ ಎಂದು ಕೈಚಾಚಿ ತೋರಿಸುತ್ತಿದ್ದ ಮಾವನಿಗೆ, ಅದು ನಮ್ಮದೇ ನಾಡಿನ ನೀರು ಎಂಬುದು ಕಡೆಯತನಕ ಗೊತ್ತಾಗಲಿಲ್ಲ.

ಕಥೆಯ ನಾಯಕ ಒಬ್ಬ ವೈದ್ಯ. ದೊರೆಯ ಮೇಲೆ ತಿರುಗಿಬಿದ್ದ ಗಾಯಾಳುಗಳಿಗೆ ಮದ್ದು ಹಾಕಿದ್ದೇ ತಪ್ಪಾಗಿ, ಅವರ ಜೊತೆ ಅವನನ್ನೂ ಹಡಗಿಗೆ ಹಾಕಿ ಒಯ್ದು ದ್ವೀಪದಲ್ಲಿ ಆಳಾಗಿ ಮಾರುತ್ತಾರೆ. ನಾಯಕಿ ಆ ದ್ವೀಪದ ಒಡೆಯನ ಮಗಳು. ಆಮೇಲೆ ಕಡಲುಗಳ್ಳರು, ಕತ್ತಿ, ಬಿಡುಗಡೆ. “ದ್ವೀಪ ಅಂದ್ರ ಹೆಂಗಿರತೈತಿ?” ಎಂದು ಯಾರಾದರೂ ಕೇಳಿದರೆ ಮಾವ, “ನಮ್ಮ ಜಲದುರ್ಗ ಇದ್ದಂಗ, ಸುತ್ತ ಕೃಷ್ಣಿ, ನಡುವ ಕ್ವಾಟಿ” ಅನ್ನುತ್ತಿದ್ದ. ಆಗ ಲಿಂಗಸುಗೂರಿನ ದೊಡ್ಡಮ್ಮನ ಮಕ್ಕಳಿಗೆ ಎಲ್ಲಿಲ್ಲದ ಬಿಗುವು, ಏಕೆಂದರೆ ಹರಗೋಲಿನಲ್ಲಿ ಕುಂತು ಕೃಷ್ಣೆ ದಾಟಿದವರು ನಮ್ಮಲ್ಲಿ ಅವರು ಮಾತ್ರ. ಉಳಿದ ನಮಗೆ ದೊಡ್ಡ ನೀರೆಂದರೆ ಸಿಂಧನೂರಿನ ಕಡೆ ಹೋದಾಗ ಬಸ್ಸಿನ ಕಿಟಕಿಯಿಂದ ಕಾಣುವ ತುಂಗಭದ್ರಾ ಎಡದಂಡೆ ಕಾಲುವೆ, ಅಷ್ಟೆ.

ಮರುದಿನ ಹೊತ್ತೇರುವ ಮೊದಲೇ ಹಿತ್ತಲ ಬಂಡಿ ಹಡಗಾಗುತ್ತಿತ್ತು. ಮೂಕಿಯನ್ನು ಗ್ವಾಡಿಗೆ ಆನಿಸಿ ಎತ್ತಿ ನಿಲ್ಲಿಸಿ, ಅದರ ತುದಿಗೆ ಮಿಣಿ ಬಿಗಿದು, ಅಜ್ಜಿಯ ಹಳೆಯ ಇಳಕಲ್ ಸೀರೆಯನ್ನು ಹಾಯಿ ಮಾಡಿ ಕಟ್ಟುತ್ತಿದ್ದೆವು. ಸೀರೆಯ ಮೈ ಸವೆದು ಜಾಳಾಗಿ ಬಿಸಿಲು ಸೋಸುವಷ್ಟು ತೆಳ್ಳಗಾಗಿತ್ತು, ಸೆರಗಿನ ಕೆಂಪು ತೆನೆ ಮಾತ್ರ ಹೊಸದರಂತೆ ಇತ್ತು, ಗುಡ್ಡದ ಮಲ್ಲಯ್ಯನ ಕಡೆಯಿಂದ ಗಾಳಿ ಬೀಸಿದರೆ ಆ ತೆನೆಸಾಲು ಮೇಲೆದ್ದು ಉಬ್ಬಿ ನಿಲ್ಲುತ್ತಿತ್ತು, ಬಂಡಿಯ ಕೀಲು ಕಿರ್ರೆನ್ನುತ್ತಿತ್ತು, ಕಡಲಿಗೂ ನಮಗೂ ನಡುವಿನ ಎರೆಹೊಲಗಳೆಲ್ಲ ಕರಗಿಹೋಗುತ್ತಿದ್ದವು. ಅಷ್ಟರಲ್ಲಿ ಒಳಗಿನಿಂದ “ಎಮ್ಮಿಗೆ ನೀರು ಕುಡಿಸ್ರಲೇ, ಶೇಂಗಾ ಸುಲಿಯಾಕ ಬರ್ರಿ” ಎಂದು ಅಜ್ಜಿಯ ಕೂಗು. ಕಳ್ಳರೂ ಕಪ್ತಾನನೂ ಕೂಡಿಯೇ ಇಳಿದು ಹೋಗಿ ಮೊರದ ಸುತ್ತ ಕುಂತು, ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚಾಗಿ ಬೈಸಿಕೊಳ್ಳುತ್ತಿದ್ದೆವು.

ಕಣ್ಣಾರೆ ಸಮುದ್ರ ಕಂಡದ್ದು ಅಂಬಾಮಠದ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ಸೋಮಲಾಪುರದ ಅಂಬಾದೇವಿಗೆ ಇಡೀ ಮನೆ ಬಂಡಿ ಕಟ್ಟಿಕೊಂಡು ಹೋಗುತ್ತಿತ್ತು. ಬುತ್ತಿಗೆ ಸಜ್ಜಿರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ದಾರಿಯುದ್ದಕ್ಕೂ ಜೋಳದ ತೆನೆಯ ಹಸಿ ವಾಸನೆ. ಆ ವರ್ಷ ಜಾತ್ರೆಯ ಟೆಂಟಿನಲ್ಲಿ ಬಂದದ್ದು ‘ಒಂದು ಮುತ್ತಿನ ಕಥೆ’. 1987ರಲ್ಲಿ ಶಂಕರ್‌ನಾಗ್ ತೆಗೆದದ್ದು, ಅಮೆರಿಕದ ಸ್ಟೈನ್‌ಬೆಕ್ ಬರೆದ ಕಾದಂಬರಿಯ ಎಳೆ ಹಿಡಿದು. ಹೊರಗೆ ಡೀಸೆಲ್ ಎಂಜಿನ್ನಿನ ಡಗಡಗ, ಮಿರ್ಚಿ ಕರಿಯುವ ಎಣ್ಣೆಯ ಘಾಟು, ಒಳಗೆ ಚಳಿಗೆ ಒಂದೇ ಕಂಬಳಿಯಲ್ಲಿ ನಾವು ಐದಾರು ಮಂದಿ. ಮುತ್ತು ಹುಡುಕಲು ರಾಜಕುಮಾರ್ ನೀರಿನ ತಳಕ್ಕೆ ಇಳಿದಾಗ ಟೆಂಟಿಗೆ ಟೆಂಟೇ ಉಸಿರು ಹಿಡಿಯಿತು. ನಮಗಂತೂ ಮಾವನ ಹಡಗು ಇದೇ ನೀರಿನ ಮೇಲೆ ಎಲ್ಲೋ ಹತ್ತಿರದಲ್ಲೇ ಹೋಗುತ್ತಿರಬೇಕು ಅನ್ನಿಸಿ, ಪರದೆಯ ಅಂಚನ್ನೇ ನೋಡುತ್ತಿದ್ದೆವು. ಅಜ್ಜಿ ಮಾತ್ರ, “ಇಷ್ಟು ನೀರು ಅಲ್ಲಿ ಸುಮ್ನ ನಿಂತೈತಲ್ಲ ಯವ್ವಾ” ಎಂದು ನಿಟ್ಟುಸಿರಿಟ್ಟಳು. ಆ ಸಲ ನಮ್ಮ ಹೊಲದ ತೊಗರಿ ಒಣಗಿತ್ತು.

ಈಗ ಮಣ್ಣಿನ ಮಾಳಿಗಿ ಹೋಗಿ ಆರ್‌ಸಿಸಿ ಬಂದಿದೆ, ಬಂಕ ಇದ್ದಲ್ಲಿ ಬೈಕುಗಳು ನಿಲ್ಲುತ್ತವೆ. ಕೌದಿಯ ಸಾಲಿನಲ್ಲಿ ಮಲಗಿದವರು ಬೆಂಗಳೂರು, ಹೈದರಾಬಾದು ಎಂದು ಚೆದುರಿದ್ದಾರೆ. ಅಜ್ಜಿ ಇಲ್ಲ, ಮಾವನೂ ಇಲ್ಲ. ಮಾವ ಹೇಳಿದ ಆ ಸಿನಿಮಾ ಮಾತ್ರ ಹೊಸ ಬಣ್ಣ ಬಳಿಸಿಕೊಂಡು 2014ರಲ್ಲಿ ಮತ್ತೆ ಟಾಕೀಸಿಗೆ ಬಂತು, ಈಗ ಫೋನಿನಲ್ಲೇ ಸಿಗುತ್ತದೆ. ಲಿಂಗಸುಗೂರಿನ ಒಂದು ಮದುವೆಯಲ್ಲಿ ಎಲ್ಲರೂ ಕೂಡಿದಾಗ, ಅರಿಷಿಣದ ಕೈಗಳಲ್ಲೇ ಫೋನು ಹಿಡಿದು, ಮಕ್ಕಳನ್ನೂ ಸೇರಿಸಿಕೊಂಡು ಕಡೆಗೂ ಅದನ್ನು ನೋಡಿದೆವು. ಹಡಗು ಬಂತು, ದ್ವೀಪ ಬಂತು, ಕಳ್ಳರು ಬಂದರು. ಆದರೆ ಹಸಿದ ಆಳುಗಳಿಗೆ ವೈದ್ಯ ತನ್ನ ಪಾಲಿನ ರೊಟ್ಟಿ ಮುರಿದು ಹಂಚುವುದು ಬರಲಿಲ್ಲ. ಬಿರುಗಾಳಿಯ ರಾತ್ರಿ ಮುದುಕನೊಬ್ಬ ಏಕತಾರಿ ಹಿಡಿದು ತತ್ವಪದ ಹೇಳಿ ಎಲ್ಲರ ಅಂಜಿಕೆ ಬಿಡಿಸುವುದೂ ಬರಲಿಲ್ಲ. ಅದಕ್ಕೇ ಕಾದಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ತಮಿಳು ತಿಳಿಯದ ಮಾವ ತಿಳಿಯದ ಕಡೆಯೆಲ್ಲ ನಮ್ಮ ಊರನ್ನು ಹಡಗಿಗೆ ಹತ್ತಿಸಿದ್ದ. ಪಂತುಲು ತೆಗೆದ ಸಿನಿಮಾ ಲೋಕದ್ದು, ಅದು ಎಲ್ಲಿಗೂ ಹೋಗುವುದಿಲ್ಲ. ಮಾವ ತೆಗೆದದ್ದು ನಮ್ಮ ಹತ್ತಿರ ಮಾತ್ರ ಇದೆ ಎಂಬುದು ಹೊಳೆದದ್ದೇ ತಡ, ಫೋನು ಬದಿಗಿಟ್ಟು, ನೆನಪಾದವರು ನೆನಪಾದಷ್ಟು ಮಕ್ಕಳಿಗೆ ಹೇಳಲು ಕುಂತೆವು.