ವಾರ್ಡಿನ ಬಾಗಿಲವರೆಗೆ ಬಂದವಳು

ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಟ್ಟ ಮೊದಲ ವಾರದಲ್ಲೇ ನಮ್ಮನ್ನೆಲ್ಲ ಅಳೆದುಬಿಟ್ಟಿರುತ್ತಾರೆ. ಯಾವ ಸಿಸ್ಟರ್ ಹತ್ತಿರ ಹೋಗಬಹುದು, ಯಾರ ಕಣ್ಣಿಗೆ ಬೀಳದಂತೆ ಇರಬೇಕು ಎಂಬ ಸುದ್ದಿ ಹಾಸ್ಟೆಲ್ಲಿನಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹೋಗುತ್ತಿರುತ್ತದೆ. ನಾನು ಎರಡನೇ ಪಟ್ಟಿಯಲ್ಲಿದ್ದೆ. ಅದು ನನಗೆ ಗೊತ್ತಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಎಂಥ ಬತ್ತಿದ ಕೈಯಲ್ಲೂ ನರ ಹುಡುಕಿ ಕ್ಯಾನುಲಾ ಹಾಕುತ್ತಿದ್ದೆ. ಮಕ್ಕಳ ವಾರ್ಡಿನವರು ಹಳದಿ ಕ್ಯಾನುಲಾ ಹಿಡಿದುಕೊಂಡು ನನ್ನನ್ನು ಕರೆಯಲು ಬರುತ್ತಿದ್ದರು. ಇಷ್ಟು ಕೆಲಸ ಬಲ್ಲವಳ ಹಿಂದೆ ನಿಂತು ನೋಡುವುದೇ ಹುಡುಗಿಯರಿಗೆ ಪಾಠ, ಮೇಲೊಂದಿಷ್ಟು ಹೆದರಿಕೆಯಿದ್ದರೆ ಕೈ ತಪ್ಪುವುದಿಲ್ಲ ಎಂದು ನಂಬಿದ್ದೆ. ನನ್ನ ಕಾಲದ ಸಿಸ್ಟರುಗಳು ನನಗೆ ಕಲಿಸಿದ್ದೂ ಹಾಗೆಯೇ.

ಅದೊಂದು ದೊಡ್ಡ ಸರ್ಕಾರಿ ಆಸ್ಪತ್ರೆ, ಗಂಡಸರ ಮೆಡಿಕಲ್ ವಾರ್ಡು. ಸಂಜೆ ಪಾಳಿಯಲ್ಲಿ ಅಷ್ಟೂ ಹಾಸಿಗೆಗಳಿಗೆ ನಾನೊಬ್ಬಳೇ ಸ್ಟಾಫ್, ಜೊತೆಗೆ ಜಿಎನ್‌ಎಂ ಮೂರನೇ ವರ್ಷದ ಹುಡುಗಿಯರು. ಅವರ ಹೆಸರುಗಳನ್ನು ನಾನು ಕೇಳಿರಲಿಲ್ಲ. ನನಗೆ ಎಲ್ಲರೂ ‘ಏ ಸ್ಟೂಡೆಂಟ್’. ಕಾಲಿನ ಹುಣ್ಣಿಗೆಂದು ಸೇರಿದ್ದ ತಾತನೊಬ್ಬರಿಗೆ ರಾತ್ರಿ ಊಟಕ್ಕೆ ಮುಂಚೆ 20 ಯೂನಿಟ್ ಇನ್ಸುಲಿನ್ ಬರೆದಿದ್ದರು. ವಾರ್ಡಿನಲ್ಲಿ ಇನ್ಸುಲಿನ್ ಸಿರಿಂಜು ಮುಗಿದಿತ್ತು. ತಾತನ ಮಗನಿಗೆ ಚೀಟಿ ಕೊಟ್ಟೆ, ಅವನು ಹೊರಗಿನ ಮೆಡಿಕಲ್ ಸ್ಟೋರಿನಿಂದ ಒಂದು ಪ್ಯಾಕೆಟ್ ತಂದ.

ನಮ್ಮ ವಾರ್ಡಿಗೆ ಬರುತ್ತಿದ್ದ ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಅವಸರದಲ್ಲಿ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಸೇರುವುದು ಎಂಟೇ ಯೂನಿಟ್.

ಮಗ ತಂದದ್ದು ಕಿತ್ತಳೆ ಮುಚ್ಚಳದ್ದು. ಒಬ್ಬ ಹುಡುಗಿ ಟ್ರೇ ಹಿಡಿದು ನನ್ನ ಮೇಜಿನ ಹತ್ತಿರ ಬಂದು, “ಮೇಡಂ, ಈ ಸಿರಿಂಜು...” ಎಂದಳು. ನಾನು ಕೇಸ್ ಶೀಟಿನಿಂದ ತಲೆ ಎತ್ತಲಿಲ್ಲ. “ಥರ್ಡ್ ಇಯರ್‌ಗೆ ಬಂದಿದ್ದೀಯ, ಇನ್ಸುಲಿನ್ ಕೊಡೋದನ್ನೂ ನಾನೇ ಹೇಳ್ಕೊಡಬೇಕಾ? ಕಾಲೇಜಲ್ಲಿ ಏನ್ ಕಲ್ತು ಬರ್ತೀರಾ?” ಸುತ್ತಲಿನ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ಅವಳು ಹೋಗಿ ಕೊಟ್ಟು ಬಂದಳು. ಇನ್ಸುಲಿನ್ ಇಬ್ಬರು ಪರೀಕ್ಷಿಸಿ ಕೊಡಬೇಕಾದ ಔಷಧಿ. ನಾನು ನೋಡದೆಯೇ ಚಾರ್ಟಿಗೆ ಸಹಿ ಹಾಕಿದೆ.

ಬೆಳಗ್ಗೆ ತಾತನ ಶುಗರ್ ಇಳಿದಿರಲಿಲ್ಲ. ರೌಂಡ್ಸಿನಲ್ಲಿ ಡಾಕ್ಟರು ಡೋಸ್ ಏರಿಸಿದರು. ಆಗಲೂ ಇಳಿಯದಿದ್ದಾಗ ಮತ್ತೆ ಏರಿಸಿದರು, 28ಕ್ಕೆ ಬಂತು. ಹುಣ್ಣಿನ ಸೋಂಕಿನಿಂದ ಹೀಗಾಗುತ್ತಿದೆ ಎಂದು ನಾವೆಲ್ಲ ತಿಳಿದೆವು. ಭಾನುವಾರ ವಿದ್ಯಾರ್ಥಿಗಳಿಗೆ ರಜೆ. ಅಷ್ಟರಲ್ಲಿ ಸ್ಟೋರಿನಿಂದ ವಾರ್ಡಿಗೆ ಸಿರಿಂಜು ಬಂದಿತ್ತು. ನಾನೇ ಕೆಂಪು ಮುಚ್ಚಳ ತೆಗೆದು 28ರ ಗೆರೆಯವರೆಗೆ ಎಳೆದು, ಬರೆದಿದ್ದಂತೆಯೇ ಕೊಟ್ಟು ಮನೆಗೆ ಹೋದೆ. ರಾತ್ರಿ ತಾತ ಬೆವರಿ ತೊಪ್ಪೆಯಾಗಿ, ಕೈ ನಡುಗುತ್ತಾ, ಮಗನ ಗುರುತೂ ಸಿಗದೆ ಏನೇನೋ ಬಡಬಡಿಸತೊಡಗಿದರು. ನೈಟ್ ಡ್ಯೂಟಿಯ ಸಿಸ್ಟರ್ ಬೆರಳು ಚುಚ್ಚಿ ನೋಡಿದಾಗ ಶುಗರ್ 42. ತಕ್ಷಣ ನರದಲ್ಲಿ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಕೊಟ್ಟಿದ್ದರಿಂದ ಉಳಿದುಕೊಂಡರು.

ಸೋಮವಾರ ಹುಡುಗಿಯರನ್ನು ನಿಲ್ಲಿಸಿಕೊಂಡು, ಇಷ್ಟು ದಿನ ಇನ್ಸುಲಿನ್ ಹೇಗೆ ಕೊಟ್ಟಿರಿ ಎಂದು ಕೇಳಿದೆ. ಅವತ್ತು ಟ್ರೇ ಹಿಡಿದು ಬಂದಿದ್ದವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ತಾತನ ಲಾಕರಿನಿಂದ ಕಿತ್ತಳೆ ಮುಚ್ಚಳದ್ದೊಂದು, ನಮ್ಮ ಟ್ರೇಯಿಂದ ಕೆಂಪು ಮುಚ್ಚಳದ್ದೊಂದು ತಂದಳು. ಎರಡರಲ್ಲೂ 20ರ ಗೆರೆಯವರೆಗೆ ನೀರು ಎಳೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಒಂದರಲ್ಲಿ ನೀರು ಅರ್ಧ ಸಿರಿಂಜಿನವರೆಗೆ ಬಂದಿತ್ತು. ಇನ್ನೊಂದರಲ್ಲಿ ಐದನೇ ಒಂದು ಭಾಗ. ಆಮೇಲೆ ಹೇಳಿದಳು: “ಶನಿವಾರ ರಾತ್ರಿ ಹಾಸ್ಟೆಲ್‌ನಲ್ಲಿ ಬುಕ್ ನೋಡಿದ್ಮೇಲೆ ಗೊತ್ತಾಯ್ತು ಮೇಡಂ. ನಿನ್ನೆ ಸಂಜೆ ಹೇಳೋಣ ಅಂತ ವಾರ್ಡ್ ಬಾಗಿಲವರೆಗೂ ಬಂದೆ. ಒಳಗೆ ನೀವೇ ಇದ್ರಿ. ವಾಪಸ್ ಹೋಗ್ಬಿಟ್ಟೆ.”

ಇದಾದ ಮೇಲೂ ನಾನು ಬರೆದ ವರದಿಯಲ್ಲಿ ‘ವಿದ್ಯಾರ್ಥಿನಿ ತಪ್ಪು ಸಿರಿಂಜು ಬಳಸಿದ್ದಾರೆ’ ಎಂದಷ್ಟೇ ಇತ್ತು. ಅದರಲ್ಲಿ ಸುಳ್ಳಿರಲಿಲ್ಲ. ಕಾಲೇಜಿನಿಂದ ಅವಳ ಟ್ಯೂಟರ್ ಬಂದರು. “ಗೊತ್ತಾಗದಿದ್ರೆ ಸ್ಟಾಫನ್ನ ಕೇಳ್ಬೇಕು ತಾನೆ?” ಎಂದು ಎಲ್ಲರೆದುರು ಗದರಿದರು. ಅವಳು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಕೇಳಿದ್ದೆ ಎನ್ನಲಿಲ್ಲ. ನಾನೂ ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ, ಈಗ ನೆನೆದರೂ ಮೈ ಹಿಡಿಯಾಗುತ್ತದೆ. ಕಡೆಗೆ, “ಕೇಳಿದ್ದಳು, ನಾನೇ ತಲೆ ಎತ್ತಿ ನೋಡಲಿಲ್ಲ” ಎಂದೆ. ವರದಿಯನ್ನು ತಿದ್ದಿ ಬರೆದೆ. ತಾತನ ಮಗನಿಗೂ ನಡೆದದ್ದನ್ನು ನಡೆದಂತೆ ಹೇಳಿದೆವು. ಅವನು ಕೂಗಾಡಿದ. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು.

ಆ ಬ್ಯಾಚು ಪೋಸ್ಟಿಂಗ್ ಮುಗಿಸಿ ಹೊರಡುವಾಗ, ಯಾರಿಂದ ಹೆಚ್ಚು ಕಲಿತಿರಿ, ಯಾಕೆ ಎಂದು ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಲು ಹೇಳಿದೆ. ಒಂದೇ ಪೆಟ್ಟಿಗೆ ನರ ಹುಡುಕುವ ಕೈಯ ಬಗ್ಗೆ ಯಾರೂ ಬರೆದಿರಲಿಲ್ಲ. ಹೆಸರು ಹಿಡಿದು ಕರೆಯುವ ಸಿಸ್ಟರ್ ಬಗ್ಗೆ ಬರೆದಿದ್ದರು. ಮೊದಲ ಸಲ ಸೂಜಿ ಹಿಡಿದಾಗ, “ನಾನು ಇಲ್ಲೇ ಪಕ್ಕದಲ್ಲಿದ್ದೀನಿ” ಎಂದು ರೋಗಿಗೂ ತನಗೂ ಕೇಳುವಂತೆ ಹೇಳಿದವರನ್ನು ಒಬ್ಬಳು ನೆನೆದಿದ್ದಳು. ತಪ್ಪಾದಾಗ ರೋಗಿಯ ಎದುರು ಅನ್ನದೆ ಡ್ರೆಸಿಂಗ್ ರೂಮಿಗೆ ಕರೆದು ತಿದ್ದಿದವರು ಇನ್ನೊಂದು ಚೀಟಿಯಲ್ಲಿದ್ದರು. ಒಂದು ಚೀಟಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ: ಒಂದು ಔಷಧಿಯ ಬಗ್ಗೆ ಕೇಳಿದಾಗ ಆ ಸಿಸ್ಟರ್, “ನಂಗೂ ಸರಿಯಾಗಿ ಗೊತ್ತಿಲ್ಲ, ಬಾ ನೋಡೋಣ” ಎಂದು ಪುಸ್ತಕ ತೆಗೆದರಂತೆ. ಹಾಗೆಂದು ಸಡಿಲ ಬಿಡುವವರನ್ನು ಅವರು ಹೊಗಳಿರಲಿಲ್ಲ. ಕೈ ತೊಳೆಯದೆ ಹಾಸಿಗೆಯ ಹತ್ತಿರ ಬಿಡದ ಸಿಸ್ಟರ್ ಹೆಸರು ಒಂದಕ್ಕಿಂತ ಹೆಚ್ಚು ಚೀಟಿಗಳಲ್ಲಿತ್ತು. ಶಿಸ್ತು ಅವರಿಗೆ ಬೇಡವಾಗಿರಲಿಲ್ಲ, ಅವಮಾನ ಬೇಡವಾಗಿತ್ತು.

ಬಹಳ ಕಾಲದ ಮೇಲೆ ಒಂದು ತರಬೇತಿಯಲ್ಲಿ ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಅವರ ಅಧ್ಯಯನದ ಬಗ್ಗೆ ಕೇಳಿದೆ. ಒಳ್ಳೆಯ ತಂಡವಿರುವ ವಾರ್ಡುಗಳಲ್ಲಿ ಔಷಧಿಯ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡು ಅವರು ಹೊರಟಿದ್ದರು. ಲೆಕ್ಕ ತಿರುಗುಮುರುಗಾಗಿ ಬಂತು, ಅಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. 1996ರಲ್ಲಿ ಪ್ರಕಟವಾದ ಆ ಲೇಖನದಲ್ಲಿ ಅವರು ಕೊಟ್ಟ ವಿವರಣೆ, ಆ ವಾರ್ಡುಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಜನ ಹೆದರುತ್ತಿರಲಿಲ್ಲ ಎಂಬುದು. ನನ್ನ ಪಾಳಿಯಲ್ಲಿ ತಪ್ಪೇ ಆಗುವುದಿಲ್ಲ ಎಂದು ಹೇಳಿಕೊಂಡು ತಿರುಗಿದ ವರ್ಷಗಳು ಅಲ್ಲಿ ಕೂತಲ್ಲೇ ನೆನಪಾದವು. ಫಿನ್ಲೆಂಡಿನ ಮಿಕ್ಕೊ ಸಾರಿಕೊಸ್ಕಿ ಮತ್ತು ಸಂಗಡಿಗರು ನರ್ಸಿಂಗ್ ವಿದ್ಯಾರ್ಥಿಗಳನ್ನೇ ಕೇಳಿ ಮಾಡಿದ ಅಧ್ಯಯನದಲ್ಲೂ, ವಾರ್ಡಿನ ಕಲಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಕಲಿಸುವವರೊಂದಿಗಿನ ಸಂಬಂಧ. ಆ ಚೀಟಿಗಳೂ ಅದನ್ನೇ ಹೇಳಿದ್ದವು.

ನಮ್ಮಲ್ಲಿ ಸ್ಟಾಫ್ ಸಾಲದು ಎಂಬುದು ನಿಜ. ಕಲಿಸುವುದಕ್ಕೆಂದು ನಮಗೆ ಬಿಡುವೂ ಇಲ್ಲ, ಭತ್ಯೆಯೂ ಇಲ್ಲ. ಇದನ್ನು ಆಡಳಿತದವರ ಮುಂದೆ ಜಗಳವಾಡಿ ಹೇಳುತ್ತಲೇ ಇರುತ್ತೇನೆ. ಆದರೆ ಅವತ್ತಿನ ನನ್ನ ನಡತೆಗೆ ಆ ಕಾರಣ ಕೊಡಲಾರೆ. ತಲೆ ಎತ್ತಿ ಮುಚ್ಚಳದ ಬಣ್ಣ ನೋಡಲು ಅರ್ಧ ನಿಮಿಷ ಸಾಕಿತ್ತು. ಬೈಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಈಗ ಹೊಸ ಬ್ಯಾಚು ಬಂದ ದಿನ ಎರಡೂ ಸಿರಿಂಜಿನಲ್ಲಿ ನೀರು ಎಳೆದು ತೋರಿಸಿ, ಈ ಕಥೆಯನ್ನು ನನ್ನ ಪಾಲು ಬಿಡದೆ ಹೇಳುತ್ತೇನೆ. ಹೆಸರುಗಳನ್ನು ಅಂಗೈಯಲ್ಲಿ ಬರೆದುಕೊಂಡಾದರೂ ಕಲಿಯುತ್ತೇನೆ. ಆದರೂ ಅಡ್ಮಿಷನ್ ಮೇಲೆ ಅಡ್ಮಿಷನ್ ಬರುವ ಸಂಜೆ ನನ್ನ ಹಳೆಯ ದನಿ ಎದ್ದುಬಿಡುತ್ತದೆ. ಅದಕ್ಕೇ, ನಾನು ಸಿಡುಕಿದರೂ ಎರಡನೇ ಸಲ ಬನ್ನಿ, ನನ್ನ ಹತ್ತಿರ ಆಗದಿದ್ದರೆ ಡಾಕ್ಟರ ಹತ್ತಿರ ನೇರ ಹೋಗಿ ಎಂದು ಮೊದಲೇ ಹೇಳಿರುತ್ತೇನೆ. ಕೆಲವರು ಬರುತ್ತಾರೆ. ಬಾಗಿಲಲ್ಲೇ ತಿರುಗಿ ಹೋದವರು ಎಷ್ಟು ಮಂದಿಯೋ, ಅದು ನನಗೆ ಗೊತ್ತಾಗುವ ದಾರಿಯಿಲ್ಲ.