ಅವ್ವ ಹೊಲಿದ ಹರಗೋಲು

ಗಾದಿ ಹೊಲಿಯುವವರ ಮನೆಯಲ್ಲಿ ಹುಟ್ಟಿದವಳು ನಾನು. ಸುರಪುರ ತಾಲೂಕಿನ ಕೃಷ್ಣಾ ತೀರದ ಒಂದು ಸಣ್ಣ ಹಳ್ಳಿ ನಮ್ಮದು. ನಮ್ಮ ಕಡೆಯ ಪಿಂಜಾರರು ಮನೆಯೊಳಗೂ ಕನ್ನಡವನ್ನೇ ಮಾತಾಡುತ್ತೇವೆ. ಹಾಗಾಗಿ ಅಮ್ಮಿ, ಅಬ್ಬಾ ಎಂದು ಕರೆಯುವ ರೂಢಿ ನಮಗಿಲ್ಲ. ಅವ್ವ, ಅಪ್ಪ ಎಂದೇ ಅಭ್ಯಾಸ. ಅಪ್ಪ ಹತ್ತಿ ಹಿಂಜುತ್ತಿದ್ದ. ಅವ್ವ ಗಾದಿ, ತಲೆದಿಂಬು, ಕೌದಿ ಹೊಲಿಯುತ್ತಿದ್ದಳು. ಇದರ ಜೊತೆಗೆ ನದಿಯ ನಡುವಿನ ಗಡ್ಡೆಯಲ್ಲಿ ನಮಗೆ ಎರಡು ಎಕರೆ ಹೊಲವಿತ್ತು. ಬೇಸಿಗೆಯಲ್ಲಿ ಕಲ್ಲು ಬಂಡೆಗಳ ಮೇಲೆ ಕಾಲಿಡುತ್ತಾ ನಡೆದೇ ಹೋಗಬಹುದಿತ್ತು. ಮಳೆಗಾಲ ಶುರುವಾಯಿತೆಂದರೆ ಹರಗೋಲೇ ಗತಿ.

ಹರಗೋಲು ನೋಡದವರಿಗಾಗಿ ಹೇಳುತ್ತೇನೆ. ಅದಕ್ಕೆ ಮುಂದೆ ಇಲ್ಲ, ಹಿಂದೆ ಇಲ್ಲ. ದೊಡ್ಡ ಬುಟ್ಟಿಯಂತೆ ದುಂಡಗಿರುತ್ತದೆ. ಬಿದಿರಿನ ಹೆಣಿಗೆ, ಅದರ ಮೇಲೆ ಹೊದಿಕೆ, ಹೊದಿಕೆಗೆ ಡಾಂಬರು. ಇಷ್ಟೇ. ಕೆಲವರು ತೆಪ್ಪ ಎನ್ನುತ್ತಾರೆ. ನಮ್ಮ ಮುತ್ಯಾನ ಕಾಲದಲ್ಲಿ ಎತ್ತು, ಎಮ್ಮೆಗಳ ಚರ್ಮವನ್ನು ಹೊದಿಸುತ್ತಿದ್ದರಂತೆ. ಐನೂರು ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಎಂಬಾತ ಬುಟ್ಟಿಯಂಥ ಈ ಚರ್ಮದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವಂತೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವಂತೆ. ಇರಾಕಿನ ಬಗ್ದಾದಿನಲ್ಲೂ ಟೈಗ್ರಿಸ್ ನದಿಯ ಮೇಲೆ ಇಂಥದೇ ದುಂಡು ದೋಣಿಗಳು ಓಡಾಡುತ್ತಿದ್ದವು, ಅವುಗಳಿಗೂ ಹೊರಗಿನಿಂದ ಡಾಂಬರಿನಂಥ ಅಂಟನ್ನೇ ಬಳಿಯುತ್ತಿದ್ದರು ಎಂದು ಎಷ್ಟೋ ವರ್ಷಗಳ ನಂತರ ಓದಿದಾಗ, ನಮ್ಮ ಹಿತ್ತಲಿನ ಹರಗೋಲು ಕಣ್ಣ ಮುಂದೆ ಬಂತು.

ಅಪ್ಪ ತೀರಿಕೊಂಡದ್ದು 2004ರಲ್ಲಿ. ಅಂದಿನಿಂದ ಅವನ ಹರಗೋಲು ಹಿತ್ತಲ ಬೇವಿನ ಮರದಡಿ ಮಗುಚಿಕೊಂಡೇ ಬಿದ್ದಿತ್ತು. ಅದರಡಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅಣ್ಣ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ. ಮನೆಯಲ್ಲಿ ಉಳಿದವರು ಅವ್ವ, ತಂಗಿ ಮತ್ತು ನಾನು. ಎರಡು ಮಳೆಗಾಲ ಗಡ್ಡೆಯ ಹೊಲ ಬೀಳುಬಿತ್ತು. ಅಂಬಿಗರ ಹರಗೋಲಿನಲ್ಲಿ ಹೋಗಬಹುದಿತ್ತು ನಿಜ. ಆದರೆ ಅವರ ವೇಳೆಗೆ ಹೋಗಿ ಅವರ ವೇಳೆಗೆ ಬರಬೇಕು. ಕಳೆ ತೆಗೆಯುವ ದಿನಗಳಲ್ಲಿ ಅದು ಹೊಂದುತ್ತಿರಲಿಲ್ಲ. ಹೊಲ ಮಾರಿಬಿಡಿ ಎಂದು ಬಂಧುಗಳು ಹೇಳಿದರು. ಒಬ್ಬರು ಬೆಲೆಯನ್ನೂ ಹೇಳಿ ಹೋದರು. ಅದು ಬೆಲೆ ಎನ್ನುವಂತಿರಲಿಲ್ಲ.

"ಹೊಲ ಮಾರಿದ ರೊಕ್ಕ ವರ್ಷದಾಗ ಮುಗೀತದ" ಎಂದಳು ಅವ್ವ. "ಹರಗೋಲು ರಿಪೇರಿ ಮಾಡೋಣು."

2006ರ ಮೇ ತಿಂಗಳು. ಅವ್ವನ ಡಬ್ಬಿಯಲ್ಲಿದ್ದದ್ದು ಏಳುನೂರು ರೂಪಾಯಿ. ಹೊಸ ಹರಗೋಲು ಕೊಳ್ಳುವ ಮಾತೇ ಇರಲಿಲ್ಲ. ನಮಗೆ ದಾರಿ ತೋರಿಸಿದವರು ಪಕ್ಕದ ಓಣಿಯ ಅಂಬಿಗರ ಮುತ್ಯಾ. ವಯಸ್ಸಾಗಿ ಕೈ ನಡುಗುತ್ತಿತ್ತು, ಹುಟ್ಟು ಹಿಡಿಯುವುದನ್ನು ಬಿಟ್ಟಿದ್ದರು. ಆದರೆ ಬಾಯಿ ಚುರುಕಾಗಿತ್ತು.

ಮೊದಲ ದಿನ ಹಳೆಯ ಹೊದಿಕೆಯನ್ನು ಬಿಚ್ಚಿದೆವು. ಡಾಂಬರು ಬಿಸಿಲಿಗೆ ಒಣಗಿ, ಒಡೆದ ಹೆಂಚಿನ ಚೂರುಗಳಂತೆ ಉದುರಿತು. ಕೆಳಗೆ ಅಡ್ಡ ಉದ್ದ ಹೆಣೆದ ಬಿದಿರಿನ ಸೀಳುಗಳು, ಅಂಚಿಗೆ ಬಳೆಯಂತೆ ಸುತ್ತಿ ಬಿಗಿದ ಸೀಳುಗಳ ಕಟ್ಟು. ಮುತ್ಯಾ ಒಂದು ಕೋಲು ತೆಗೆದುಕೊಂಡು ಪ್ರತಿಯೊಂದು ಸೀಳನ್ನೂ ಬಡಿಯುತ್ತಾ ಹೋದರು. ಕೆಲವು ಟಣ್ ಎಂದವು. ಕೆಲವು ಸದ್ದಿಲ್ಲದೆ ಹಳದಿ ಪುಡಿ ಉದುರಿಸಿದವು. ಪುಡಿ ಬಿದ್ದದ್ದೆಲ್ಲ ಹುಳ ತಿಂದದ್ದು. ತಂಗಿ ಎಣಿಸಿದಳು, ಇಪ್ಪತ್ಮೂರು ಬದಲಿಸಬೇಕಿತ್ತು. ರಂಗಂಪೇಟೆಯಿಂದ ಬಿದಿರು ತಂದೆವು. ಸೀಳಿದ ಮೇಲೆ ನಾಲ್ಕು ದಿನ ನದಿ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟೆವು. ನೆನೆದರೆ ಮುರಿಯದೆ ಬಾಗುತ್ತದೆ, ಒಳಗಿನ ಸಿಹಿ ನೀರಿಗಿಳಿದು ಹುಳದ ಕಾಟವೂ ಕಡಿಮೆಯಾಗುತ್ತದೆ. ಹೆಣಿಗೆಯ ಕೆಲಸದಲ್ಲಿ ನನ್ನ ಅಂಗೈ ಸೀಳಿ ಎರಡು ದಿನ ರೊಟ್ಟಿ ಬಡಿಯಲಾಗಲಿಲ್ಲ.

ಹೊದಿಕೆಯ ಸರದಿ ಬಂದಾಗ ಅವ್ವನ ಮುಖ ಅರಳಿತು. "ಇದೂ ಒಂದು ಕೌದೀನ ಅಲ್ಲೇನು" ಎಂದಳು. ಊರೆಲ್ಲ ತಿರುಗಿ ಗೊಬ್ಬರದ ಖಾಲಿ ಚೀಲಗಳನ್ನು ಕೂಡಿಸಿ ತೊಳೆದೆವು. ಬಿಚ್ಚಿ, ಎರಡು ಪದರ ಹಾಕಿ, ಗಾದಿ ಹೊಲಿಯುವ ದಬ್ಬಣದಿಂದ ಅವ್ವ ಹೊಲಿಯತೊಡಗಿದಳು. ಅವಳ ಕೌದಿಯ ಹೊಲಿಗೆ ಎಂದರೆ ಸಾಸಿವೆ ಇಟ್ಟಂತೆ, ಒಂದಕ್ಕೊಂದು ಒತ್ತಿಕೊಂಡು ಸಾಲು. ಅರ್ಧ ಮುಗಿದ ಮೇಲೆ ಮುತ್ಯಾ ಬಂದು ಎರಡು ಕೈಯಲ್ಲಿ ಹಿಡಿದು ಒಮ್ಮೆ ಎಳೆದರು. ಅಂಚೆ ಚೀಟಿ ಹರಿದಂತೆ ಹೊಲಿಗೆಯ ಉದ್ದಕ್ಕೂ ಪರ್ ಎಂದು ಹರಿದುಹೋಯಿತು! ಅವ್ವ ಒಂದು ಮಾತೂ ಆಡಲಿಲ್ಲ. ಬಟ್ಟೆಯಲ್ಲಿ ಹೊಲಿಗೆ ಒತ್ತಾದಷ್ಟೂ ಗಟ್ಟಿ. ಪ್ಲಾಸ್ಟಿಕ್ಕಿನಲ್ಲಿ ಪ್ರತಿ ಹೊಲಿಗೆಯೂ ಒಂದು ತೂತು, ತೂತುಗಳು ಒತ್ತಾದರೆ ಅಲ್ಲೇ ಹರಿಯುತ್ತದೆ. ಮೂವತ್ತು ವರ್ಷ ಹೊಲಿದವಳು ಐವತ್ತರ ವಯಸ್ಸಿನಲ್ಲಿ ಬಿಚ್ಚಿ ಮತ್ತೆ ಕಲಿತಳು. ಗೇಣಗಲ ಒಂದರ ಮೇಲೊಂದು ಬರುವಂತೆ ಚೀಲದ ಅಂಚು ಹಾಕಿ, ಎರಡು ಸಲ ಮಡಚಿ, ಮೀನಿನ ಬಲೆಯ ನೈಲಾನ್ ದಾರದಿಂದ ಬೆರಳು ಬೆರಳು ಅಂತರ ಬಿಟ್ಟು ಹೊಲಿಯಬೇಕು. ಒಳಪದರದ ಹೊಲಿಗೆ ಬಂದ ಜಾಗದಲ್ಲಿ ಹೊರಪದರದ ಹೊಲಿಗೆ ಬರಕೂಡದು.

ದಾರಿಯಲ್ಲಿ ಹೋಗುವವರು ನಗುತ್ತಿದ್ದರು. "ಏನವ್ವಾ, ಹೊಳೀಗಿ ಕೌದಿ ಹೊದಿಸ್ಲಕತ್ತೀರೇನು?" ಎಂದು ಒಬ್ಬಾತ ದಿನಾ ಕೇಳುತ್ತಿದ್ದ. ಪ್ರವಾದಿ ನೂಹ್(ಅ) ಹಡಗು ಕಟ್ಟುವಾಗಲೂ ಹಾದುಹೋಗುವವರು ಗೇಲಿ ಮಾಡುತ್ತಿದ್ದರಲ್ಲ ಎಂದು ತಂಗಿ ಹೇಳಿದ್ದಕ್ಕೆ ಅವ್ವ, "ಅವರು ಪ್ರವಾದಿ. ನಾವು ಪಿಂಜಾರ್ರು. ದಾರ ಕೊಡು" ಎಂದಳು.

ಹೊದಿಕೆ ಬಿಗಿದ ಮೇಲೆ ಮುತ್ಯಾ ನನ್ನನ್ನು ಮಗುಚಿದ ಹರಗೋಲಿನ ಒಳಗೆ ನುಗ್ಗಿಸಿದರು. ಮಟಮಟ ಮಧ್ಯಾಹ್ನ. ಒಳಗೆ ಕತ್ತಲು, ಸೆಖೆ, ಹಸಿ ಬಿದಿರಿನ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಮೇಲೆಲ್ಲ ನಕ್ಷತ್ರ! ಬೆಳಕು ಬರುವ ಒಂದೊಂದು ಚುಕ್ಕೆಯೂ ನೀರು ಬರುವ ದಾರಿ. ನಾನು ಒಳಗಿನಿಂದ ಬೆರಳಿಟ್ಟು ತೋರಿಸಬೇಕು, ತಂಗಿ ಹೊರಗಿನಿಂದ ಸುಣ್ಣದ ಗುರುತು ಹಾಕಬೇಕು. ನೂರಕ್ಕೂ ಹೆಚ್ಚು ಚುಕ್ಕೆಗಳಿದ್ದವು.

ಇನ್ನು ಡಾಂಬರು. ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಡಾಂಬರು ಕಾಯಿಸುವ ಕೆಲಸ ನನ್ನದಾಗಿತ್ತು. ನೀರಿನ ಹನಿ ಬೀಳಬಾರದು, ಉರಿ ಜೋರಾಗಬಾರದು. ಎರಡನೆಯ ದಿನ ಅವ್ವ ಮತ್ತು ತಂಗಿ ಮನೆಯಲ್ಲಿರಲಿಲ್ಲ. ಇಳಿಸುವಾಗ ಅರಿವೆ ಜಾರಿ ಡಬ್ಬಿ ವಾಲಿತು, ಉಳಿದಿದ್ದರಲ್ಲಿ ಅರ್ಧದಷ್ಟು ನೆಲದ ಪಾಲಾಯಿತು. ದುಡ್ಡು ಮುಗಿದಿದ್ದುದು ನನಗೆ ಗೊತ್ತಿತ್ತು. ಬೂದಿ ಸುರುವಿ ಮುಚ್ಚಿಬಿಟ್ಟೆ. ಉಳಿದದ್ದನ್ನೇ ತೆಳ್ಳಗೆ ಎಳೆದೆಳೆದು ಒಂದು ಮಗ್ಗುಲಿಗೆ ಬಳಿದೆ. ನೋಡಲು ಎಲ್ಲ ಕಡೆಯೂ ಒಂದೇ ಕಪ್ಪು. ಯಾರಿಗೂ ಹೇಳಲಿಲ್ಲ.

ಒಳಗಿನ ಸಾಮಾನು ಹೊಂದಿಸುವುದರಲ್ಲಿ ನಮಗೆ ಸಂಭ್ರಮ. ತಳಕ್ಕೆ ಒಂದು ಹಲಗೆ, ಇಲ್ಲದಿದ್ದರೆ ಹಿಮ್ಮಡಿ ಹೊದಿಕೆಯನ್ನು ತೂರುತ್ತದೆ. ನೀರು ಚೆಲ್ಲಲು ಡಾಲ್ಡಾ ಡಬ್ಬಿ. ಈಜು ಬಾರದ ಅವ್ವನಿಗಾಗಿ ಗಾಳಿ ತುಂಬಿದ ಲಾರಿ ಟ್ಯೂಬು. ಕೂರಲು ಹಳೆಯ ಕೌದಿ. ಜೂನ್‌ನಲ್ಲಿ ನೀರಿಗಿಳಿಸಿದೆವು. ಮೊದಲ ದಿನ ಬುಗುರಿಯಂತೆ ನಿಂತಲ್ಲೇ ತಿರುಗಿತು. ಹುಟ್ಟನ್ನು ಪಕ್ಕಕ್ಕೆ ಹಾಕದೆ ಎದುರಿಗೆ ಚಾಚಿ ತನ್ನ ಕಡೆಗೆ ಎಳೆದುಕೊಂಡರೆ ಮುಂದೆ ಹೋಗುತ್ತದೆ ಎಂಬುದನ್ನು ಕಲಿಯಲು ವಾರ ಹಿಡಿಯಿತು. ಮುತ್ಯಾ ದಡದ ಒಂದು ಬಂಡೆಯನ್ನು ತೋರಿಸಿ, ಅದು ಮುಳುಗಿದ ದಿನ ಹರಗೋಲು ಮುಟ್ಟಕೂಡದು ಎಂದಿದ್ದರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ನಮ್ಮ ಹೊಳೆಗೆ ಆಕಾಶ ನೋಡಿ ಅಂದಾಜು ಕಟ್ಟುವಂತಿಲ್ಲ. ಇಲ್ಲಿ ಮೋಡವೇ ಇಲ್ಲದಿದ್ದರೂ ಮಹಾರಾಷ್ಟ್ರದಲ್ಲಿ ಮಳೆ ಸುರಿದರೆ ಗೇಟು ತೆಗೆಯುತ್ತಾರೆ.

ಆ ವರ್ಷ ಶೇಂಗಾ ಚೆನ್ನಾಗಿ ಬಂತು. ಈದುಲ್ ಫಿತ್ರ್ ಅಕ್ಟೋಬರ್ ಕೊನೆಯ ವಾರದಲ್ಲಿತ್ತು, ಕೊಯ್ಲು ರಮಝಾನಿನಲ್ಲೇ ಬಂತು. ಮೂವರೂ ಉಪವಾಸ. ಒಂದು ದಿನ ಅಸರ್ ಹೊತ್ತಿಗೆ ನಾಲ್ಕು ಚೀಲ ಹೇರಿಕೊಂಡು ಹೊರಟೆವು. ನಡುನೀರಿಗೆ ಬಂದಾಗ ತಂಗಿ, "ಅಕ್ಕಾ, ನೀರು" ಎಂದಳು. ನಾನು ನೋಡದೆಯೇ ಯಾವ ಮಗ್ಗುಲೆಂದು ತಿಳಿದೆ. ದಿನಾ ದಡದ ಕಲ್ಲಿನ ಮೇಲೆ ಎಳೆಯುತ್ತಿದ್ದದ್ದು ಅದೇ ಮಗ್ಗುಲು. ತೆಳು ಡಾಂಬರು ಸವೆದು, ದಾರ ಉಜ್ಜಿ, ಹೊಲಿಗೆ ಬಾಯಿ ಬಿಟ್ಟಿತ್ತು.

ಅವ್ವ ಎರಡು ಚೀಲ ಶೇಂಗಾವನ್ನು ತಾನೇ ಹೊಳೆಗೆ ದೂಡಿದಳು. ಕೌದಿಯನ್ನು ಮಡಚಿ ಬಿರುಕಿಗೆ ಒತ್ತಿ ಅದರ ಮೇಲೆ ಕೂತುಬಿಟ್ಟಳು. ಅವಳ ಬಾಯಲ್ಲಿ ಕಲಿಮ, ತಂಗಿಯ ಕೈಯಲ್ಲಿ ಡಬ್ಬಿ, ನನ್ನ ಕೈಯಲ್ಲಿ ಹುಟ್ಟು. ದಡ ಮುಟ್ಟಿದಾಗ ಮೊಣಕಾಲಿನವರೆಗೆ ನೀರಿತ್ತು. ಟ್ಯೂಬನ್ನು ಅವ್ವ ತಂಗಿಯ ಕೊರಳಿಗೆ ಹಾಕಿದ್ದಳೆಂಬುದು ನನ್ನ ಗಮನಕ್ಕೆ ಬಂದದ್ದೇ ಆಗ.

ರಾತ್ರಿ ಇಫ್ತಾರ್ ಮುಗಿದ ಮೇಲೆ ಹೇಳಿದೆ. ಬೂದಿ, ಡಾಂಬರು, ಎಲ್ಲವನ್ನೂ. ಅವ್ವ ಬಯ್ಯಲಿಲ್ಲ. ತಟ್ಟೆ ತೊಳೆಯಲು ಎದ್ದುಹೋದಳು. ಬೆಳಿಗ್ಗೆ ಉಳಿದ ಎರಡು ಚೀಲದಲ್ಲಿ ಒಂದನ್ನು ಮಾರಿ ಡಾಂಬರು, ದಾರ ತಂದಿಟ್ಟು, "ನೀನ ಕಾಯಿಸು" ಎಂದಳು. ಆ ಈದ್‌ಗೆ ಹೊಸ ಬಟ್ಟೆ ಬರಲಿಲ್ಲ. ಮುತ್ಯಾ ಮಾತ್ರ ಸಿಟ್ಟಾದರು. "ಚೆಲ್ಲಿದ್ರ ಬಂದು ಹೇಳಬಾರದೇನು ಹುಡುಗಿ? ನಮ್ಮ ಮನ್ಯಾಗ ಅರ್ಧ ಡಬ್ಬಿ ಸುಮ್ಮ ಬಿದ್ದಿತ್ತಲ್ಲ!"

ಅರ್ಧ ಡಬ್ಬಿ. ಇಂದಿಗೂ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಅದೇ ಹರಗೋಲು ಮತ್ತೆ ಏಳು ವರ್ಷ ನಡೆಯಿತು. ಪ್ರತಿ ಮೇ ತಿಂಗಳಲ್ಲಿ ಬಿಚ್ಚಿ ಬಡಿದು ನೋಡುತ್ತಿದ್ದೆವು. 2009ರ ಅಕ್ಟೋಬರ್ ಪ್ರವಾಹದಲ್ಲಿ ಬಂಡೆ ಮುಳುಗಿತು, ನಿಂತ ಬೆಳೆಯೂ ಹೋಯಿತು. ಅವ್ವ ಹರಗೋಲನ್ನು ಬೇವಿನ ಮರಕ್ಕೆ ಎರಡು ಹಗ್ಗದಿಂದ ಕಟ್ಟಿ ಒಳಗೆ ಬಂದಳು. 2014ರ ಮಳೆಗಾಲದಲ್ಲಿ ನಮ್ಮ ತಾಲೂಕಿನದೇ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆ, ಕುಂಬಳ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಉಕ್ಕಿದ ಕೃಷ್ಣೆಯನ್ನು ಈಜಿ ದಡ ಸೇರಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಜನ ಅವಳ ಧೈರ್ಯವನ್ನು ಹೊಗಳಿದರು. ಅವ್ವ ಸುದ್ದಿ ಓದಿಸಿ ಕೇಳಿ, ಹೆರಿಗೆಗೆಂದು ಹೊಳೆ ಈಜಬೇಕಾದ ಹೆಣ್ಣಿಗೆ ಶಹಬ್ಬಾಸ್ ಎಂದರೆ ಮುಗಿಯಿತೇ ಎಂದು ಬಹಳ ಹೊತ್ತು ಗೊಣಗುತ್ತಿದ್ದಳು.

ಈಗ ಅವ್ವ ಶಹಾಪುರದಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಹೊಲವನ್ನು ಅಣ್ಣ ಊರಿಗೆ ಮರಳಿ ನೋಡಿಕೊಳ್ಳುತ್ತಿದ್ದಾನೆ. ಹರಗೋಲಿನ ಬಿದಿರು ಒಲೆಗೆ ಹೋಯಿತು. ದಬ್ಬಣ ಮಾತ್ರ ಅವ್ವನ ಬಳಿಯೇ ಇದೆ. ಅದರ ಕಣ್ಣಿನಲ್ಲಿ ಡಾಂಬರು ಕೂತುಬಿಟ್ಟಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮೊನ್ನೆ ಮೊಮ್ಮಗಳಿಗೆ ಗಾದಿ ಹೊಲಿಯುವಾಗ ಬಿಳಿ ಖಾದಿಗೆ ಕಪ್ಪು ಕಲೆಯಾಯಿತೆಂದು ತಂಗಿ ಫೋನಿನಲ್ಲಿ ದೂರು ಹೇಳಿದಳು. ಹೊಸದು ತರಿಸಿಕೊಡು ಎಂದೆ. ತರಿಸಿಯೇ ಎರಡು ವರ್ಷವಾಯಿತಂತೆ, ಪೊಟ್ಟಣವನ್ನೇ ಬಿಚ್ಚಿಲ್ಲವಂತೆ.